ಪುರ್ಸು ಆಚಾರಿಯ ಬಾಕಿ

ಏಣಿ ನಾನೇ ತಂದೆ. ಅವರಲ್ಲಿದ್ದ ಏಣಿ
ಗಂಟೆಯ ಹಗ್ಗದಷ್ಟೇ ಹಳೆಯದು,
ಎರಡನ್ನೂ ನಂಬುವ ಹಾಗಿಲ್ಲ.

ಹೊನ್ನಾವರದಿಂದ ಮೇಲೆ, ಶರಾವತಿ
ಕಡಲು ಬೇಡವೇನೋ ಎಂಬಂತೆ ಒಮ್ಮೆ ಹೊರಳುವಲ್ಲಿ
ಕೋಡಿಬೈಲಿನ ದಿಬ್ಬ. ದಿಬ್ಬದ ಮೇಲೆ ಇದು.
ಇಗರ್ಜಿ ಅಂದೆ. ದೊರ್ಕಸಮ್ಮ ತಿದ್ದಿದರು:
"ಅದು ಕೊಂಕಣಿಯವರದ್ದು. ನಮ್ಮದು ದೇವಾಲಯ."

ಒಳಗೆ ಮೂರ್ತಿಯಿಲ್ಲ, ಮೇಣದ ಬತ್ತಿಯಿಲ್ಲ.
ಹನ್ನೊಂದು ಬೆಂಚು, ಕಾಲಲ್ಲಿ ತುಳಿಯುವ ಹಾರ್ಮೋನಿಯಂ,
ಅದರ ಹೊಟ್ಟೆಯಲ್ಲಿ ಇಲಿಯ ಬಾಣಂತನ.
ಮೊದಲು ಇದು ಉಪ್ಪಿನ ಗೋದಾಮಂತೆ.
ಚಿರೆಕಲ್ಲು ಮೊಣಕಾಲೆತ್ತರ ಇನ್ನೂ ಬೆವರುತ್ತದೆ,
ಎಷ್ಟು ಚಿಪ್ಪಿ ಸುಣ್ಣ ಬಳಿದರೂ ಪದರ ಉದುರಿಸುತ್ತದೆ.
ಯಾರೂ ಇಲ್ಲದಾಗ ಬೆರಳು ಒರೆಸಿ ನೆಕ್ಕಿದೆ.
ಹೌದು, ಉಪ್ಪು.

ನಮ್ಮ ಮನೆಯಲ್ಲಿ ಒಂದು ಮಾತಿತ್ತು.
ತಿರುಗಿ ಬರದ ದುಡ್ಡಿಗೆ ಅಜ್ಜಿ
"ಮಿಷನ್ನಿನ ಬಾಕಿ" ಅನ್ನುತ್ತಿದ್ದಳು.
ಮೀನಿನವಳಿಗೆ ಕೊಟ್ಟ ಎಂಟಾಣೆಗೂ ಅದೇ,
ಅಳಿಯನಿಗೆ ಕೊಟ್ಟ ಎಂಟು ಸಾವಿರಕ್ಕೂ ಅದೇ.
ಯಾವ ಮಿಷನ್ನು, ಎಂಥ ಬಾಕಿ,
ಯಾರೂ ಕೇಳಿರಲಿಲ್ಲ.

ಮೂರನೆಯ ದಿನ, ಪೂರ್ವದ ಮಾಡಿನಲ್ಲಿ
ಹಂಚು ತೆಗೆದಾಗ ಬೆಳಕು ಬಿತ್ತು ಪಕ್ಕಾಸಿನ ಮೇಲೆ.
ಬೋಗಿ ಮರ. ಸೀಸದ ಕಡ್ಡಿಯ ಅಕ್ಷರ,
ಒತ್ತಿ ಬರೆದದ್ದು, ಅಳತೆ ಬರೆವ ಕೈ:

*ಪಾದ್ರಿ ಹೋದರು. ೯ ದಿನದ ಕೂಲಿ ಬಾಕಿ.*
*ಮಳೆ ಬರುತ್ತದೆ. ಮುಗಿಸಿದೆ. ಪುರ್ಸು.*

ಕೆಳಗಿಳಿದೆ. ಇಳಿಯುವಾಗ ಏಣಿಯ ಒಂದು ಮೆಟ್ಟಿಲು
ಲೆಕ್ಕ ತಪ್ಪಿತು.

ದೊರ್ಕಸಮ್ಮ ಕಬ್ಬಿಣದ ಪೆಟ್ಟಿಗೆ ತೆಗೆದರು.
ನುಸಿಗುಳಿಗೆಯ ವಾಸನೆ, ಹೆಸರು, ಜ್ಞಾನಸ್ನಾನ, ಸಾವು.
ಮಗ್ಗದ ಮನೆಗಳು ಹನ್ನೆರಡು, ಆಮೇಲೆ ಏಳು,
ಆಮೇಲೆ ಮಗ್ಗವೇ ಇಲ್ಲ. ಒಂದು ಪುಟದಲ್ಲಿ,
ಸಾವಿರದ ಒಂಬೈನೂರ ಹದಿನೈದು, ಮೇ:
*ಮಾಡು. ಆಚಾರಿ ಪುರ್ಸುವಿಗೆ*
ಅಲ್ಲಿಗೆ ಶಾಯಿ ನಿಂತಿದೆ.

ಅವರ ಅಜ್ಜಿ ಕಂಡದ್ದು ಇದು:
ಜರ್ಮನ್ ಯುದ್ಧ. ಪೊಲೀಸರು ದೋಣಿಯಲ್ಲಿ ಬಂದರು.
ಕೌಸು ಪಾದ್ರಿ ಕೊಡೆ ತೆಗೆದುಕೊಂಡ,
ಪುಸ್ತಕ ಮುಚ್ಚಿದ, ದಿಬ್ಬ ಇಳಿದ.
ಹೆಂಗಸರು ಅಳುತ್ತಿದ್ದರೆ ಅವನು
ದೋಣಿಯಲ್ಲಿ ನಿಂತು ಮಾಡಿನ ಕಡೆ ಕೂಗಿದನಂತೆ,
ತನ್ನ ಮುರುಕು ಕನ್ನಡದಲ್ಲಿ:
"ಹಂಚು ಎಷ್ಟು ಉಳಿದಿದೆ?"
ಮೇಲಿದ್ದವನು ಏನಂದನೋ, ಗಾಳಿಗೆ ಕೇಳಲಿಲ್ಲ.

ಒಂಬತ್ತು ದಿನಕ್ಕೆ ನಾಲ್ಕೂವರೆ ರೂಪಾಯಿ.
ದೊರ್ಕಸಮ್ಮ ನಿಜವಾಗಿ ಪರ್ಸು ತೆಗೆದರು.
"ಬಡ್ಡಿ ಎಷ್ಟಾಯಿತೋ?"
"ಬಡ್ಡಿ ಹಾಕಿದರೆ ದೇವಾಲಯವೇ ನನ್ನದಾದೀತು."
ನಕ್ಕರು. ಆಮೇಲೆ ನಗಲಿಲ್ಲ.
ಭಾನುವಾರ ಬರುವುದು ಒಂಬತ್ತು ಜನ,
ಅದರಲ್ಲಿ ಇಬ್ಬರಿಗೆ ಕಿವಿ ಕೇಳದು.
ಹತ್ತನೆಯವನಾಗು ಅನ್ನಲಿಲ್ಲ ನನಗೆ.
ಚಹಾ ಕೊಟ್ಟರು.

ಪುರ್ಸಜ್ಜ ಇಲ್ಲಿ ನೀರು ಕುಡಿದವನಲ್ಲವಂತೆ.
ಮನೆಯಿಂದ ತಂಬಿಗೆ ತಂದು
ಹೊರಗಿನ ಗೇರುಮರಕ್ಕೆ ತೂಗಿಸುತ್ತಿದ್ದ.
ನಾನು ಎರಡು ಲೋಟ ಕುಡಿದೆ.
ಅವನು ನೋಡಿದ್ದರೆ ಕೊಡತಿ ಬೀಸುತ್ತಿದ್ದನೇ,
ಅಥವಾ ಬಾಯಾರಿಕೆ ನೆನಪಾಗಿ
ಮುಖ ತಿರುಗಿಸುತ್ತಿದ್ದನೇ, ಗೊತ್ತಿಲ್ಲ.

ಪಕ್ಕಾಸಿನ ಗೋಡೆಬದಿ ಲಡ್ಡಾಗಿತ್ತು, ಒಂದು ಮೊಳ.
ಬದಲಿಸುವುದು ಸುಲಭ, ಅರ್ಧ ದಿನದ ಕೆಲಸ.
ಕೊಳೆತಷ್ಟನ್ನೇ ಕೊಯ್ದು ಹೊಸ ಮರ ಬೆಸೆದೆ,
ಬರಹ ಉಳಿಯುವಂತೆ. ಅದಕ್ಕೆ ಎರಡು ದಿನ ಹಿಡಿಯಿತು.
ಆ ಎರಡು ದಿನದ ಕೂಲಿ ನಾನು ಹೇಳಲಿಲ್ಲ,
ಪುಸ್ತಕದ ಆ ಸಾಲನ್ನು ಅವರು ತುಂಬಿಸಲಿಲ್ಲ.

ಇವತ್ತು ಸಂಜೆ ಮಾಡು ಮುಚ್ಚುತ್ತಾ ಬಂದೆ.
ನದಿಯ ಮೇಲೆ ಮರಳಿನ ದೋಣಿಯೊಂದು, ಯಾರೋ ನಿಂತವರು.
ಉಳಿದಿಲ್ಲ ಪಾದ್ರಿಗಳೇ,
ಏಳು ಕಮ್ಮಿ ಬಿದ್ದಿವೆ.
ನಾಳೆ ಬೆಳಗಿನ ಬಸ್ಸಿಗೆ ಹೊನ್ನಾವರಕ್ಕೆ ಹೋಗಬೇಕು.